ಕಲ್ಲು ನಿಲ್ಲಿಸಿದವರ ಪರವಾಗಿ ಒಂದು ತಕರಾರು



ಕೆಲವು ತಿಂಗಳುಗಳಿಂದ ನೀವು ನನಗೆ ಕಳುಹಿಸುತ್ತಿರುವ ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಒಂದು ಬಗೆಯವು ಮತ್ತೆ ಮತ್ತೆ ಬರುತ್ತಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲಿನ ಕಲ್ಲುಮನೆಗಳ ಚಿತ್ರ ಅದರಲ್ಲಿರುತ್ತದೆ. ಒಂದು ವಾರ ಅದರ ಕೆಳಗೆ ‘ಪಾಂಡವರು ವನವಾಸದಲ್ಲಿ ಕಟ್ಟಿಕೊಂಡ ಮನೆಗಳು’ ಎಂದಿರುತ್ತದೆ. ಮರುವಾರ ಅದೇ ಚಿತ್ರ ‘ಅನ್ಯಗ್ರಹದಿಂದ ಬಂದವರ ನೆಲೆ’ ಎಂಬ ತಲೆಬರಹ ಹೊತ್ತು ಬರುತ್ತದೆ. ಮೂರನೆಯ ಸಲ ಬರುವಾಗ ಅದು ಯಾವುದೋ ಒಂದು ಕುಲದ ಮೂಲಪುರುಷರ ಕೋಟೆಯಾಗಿರುತ್ತದೆ. ಕೆಲವರು ‘ಮೇಷ್ಟ್ರೇ, ಇದು ನಿಜವೇ?’ ಎಂದು ಕೇಳುತ್ತೀರಿ. ಬಹಳಷ್ಟು ಜನ ಕೇಳುವುದೂ ಇಲ್ಲ. ನಿಜವೆಂದೇ ಭಾವಿಸಿ ಇನ್ನೂ ಇಪ್ಪತ್ತು ಜನರಿಗೆ ದಾಟಿಸುತ್ತೀರಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬರಹ ಸ್ವಲ್ಪ ಖಾರವಾಗಿ ತೋರಿದರೆ ನಿಮ್ಮ ಹಳೆಯ ಮೇಷ್ಟ್ರ ಸ್ವಭಾವವೆಂದು ಸಹಿಸಿಕೊಳ್ಳಿ.

ನನ್ನ ತಕರಾರು ಇಷ್ಟೇ. ಈ ಮೂರು ಬಗೆಯ ಸಂದೇಶಗಳೂ ದುಡಿದವರ ದುಡಿಮೆಯನ್ನು ಅವರಿಂದ ಕಿತ್ತು, ನಮಗೆ ಪ್ರಿಯರಾದ ಬೇರೆ ಯಾರದೋ ಖಾತೆಗೆ ಬರೆಯುತ್ತವೆ. ಆ ಕಲ್ಲುಗಳನ್ನು ನಿಲ್ಲಿಸಿದವರು ದನ ಕಾಯುತ್ತಿದ್ದ, ರಾಗಿ ಹುರುಳಿಗಳಂಥ ಪೈರುಪಚ್ಚೆ ಬೆಳೆಯುತ್ತಿದ್ದ, ಕಬ್ಬಿಣ ಕಾಯಿಸಿ ಬಡಿಯುತ್ತಿದ್ದ ಸಾಮಾನ್ಯ ಮನುಷ್ಯರು. ಅವರ ಹೆಸರು ನಮಗೆ ಉಳಿದಿಲ್ಲ. ಹೆಸರು ಉಳಿಯಲಿಲ್ಲವೆಂಬ ಕಾರಣಕ್ಕೆ ಅವರ ಕೆಲಸವನ್ನೂ ಅವರದಲ್ಲವೆಂದು ಸಾರುವುದು ಅನ್ಯಾಯ.

ಹಿರೇಬೆಣಕಲ್ಲಿನಲ್ಲಿ ಇರುವುದೇನು?

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗ್ರಾಮದ ಬಳಿಯ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಯುಗದ ಸ್ಮಾರಕಗಳಿವೆ. ನಾಲ್ಕು ಕಡೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು ಅವುಗಳಲ್ಲಿ ಪ್ರಮುಖವಾದವು. ಕೆಲವು ಮಂಡಿಯೆತ್ತರದವು, ಕೆಲವು ಆಳೆತ್ತರವನ್ನೂ ಮೀರಿದವು. ಹಲವು ಕೋಣೆಗಳ ಒಂದು ಚಪ್ಪಡಿಯಲ್ಲಿ ಮನುಷ್ಯನು ತೆವಳಿ ನುಸುಳಬಹುದಾದಷ್ಟು ದೊಡ್ಡ ದುಂಡನೆಯ ಕಿಂಡಿ ಕೊರೆದಿದ್ದಾರೆ. ಒಂದು ದೊಡ್ಡ ಬಂಡೆಯ ನೆತ್ತಿಯ ಮೇಲೆ ಸುಮಾರು 2 ಮೀಟರ್ ವ್ಯಾಸದ, ಅರ್ಧ ಗೋಳಾಕಾರದ ಕಲ್ಲಿನ ನಗಾರಿಯಿದೆ. ಬಡಿದರೆ ಅದರ ದನಿ ದೂರದವರೆಗೆ ಕೇಳುತ್ತದೆ. ಸುತ್ತಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ವಿದ್ವಾಂಸರು ಈ ಸ್ಮಾರಕಗಳ ಕಾಲವನ್ನು ಸ್ಥೂಲವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇಡುತ್ತಾರೆ. 2021ರಲ್ಲಿ ಈ ತಾಣವು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಆ ಸೀಮೆಯ ಜನ ಇದನ್ನು ಮೋರ್ಯರ ಗುಡ್ಡ ಎಂದು ಕರೆಯುತ್ತಾರೆ. ಹೆಸರು ಕೇಳಿದೊಡನೆ ‘ಹಾಗಾದರೆ ಮೌರ್ಯರು ಕಟ್ಟಿದ್ದು’ ಎಂದು ಹಾರುವವರಿದ್ದಾರೆ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು ಇರುವುದರಿಂದ ಈ ಊಹೆಗೆ ಬಲ ಬಂದಂತೆ ತೋರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಮೌರ್ಯರು ಅಧಿಕಾರಕ್ಕೆ ಬಂದದ್ದು ಕ್ರಿ.ಪೂ. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ. ಈ ನಾಡಿನಲ್ಲಿ ಕಲ್ಲುಕೋಣೆಗಳನ್ನು ಕಟ್ಟುವ ಪದ್ಧತಿ ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ನೆಲೆನಿಂತಿತ್ತು. ಅಲ್ಲದೆ ಅಶೋಕನು ಬಂಡೆ ಕಂಡಲ್ಲೆಲ್ಲ ಬರೆಸಿದ ದೊರೆ. ಅವನ ಕಡೆಯವರು 400 ಕಲ್ಲುಮನೆಗಳನ್ನು ಕಟ್ಟಿ ಒಂದಕ್ಷರವನ್ನೂ ಕೊರೆಯದೆ ಹೋದರೆಂದು ನಂಬುವುದು ಕಷ್ಟ.

ಇನ್ನು ಪಾಂಡವರ ಮನೆಗಳೆಂಬ ಮಾತು. ಮಾಗಡಿಯ ಸಾವನದುರ್ಗದ ತಪ್ಪಲಿನಲ್ಲಿ, ಐಹೊಳೆಯ ಮೇಗುತಿ ಬೆಟ್ಟದಲ್ಲಿ, ಕೊಡಗಿನಲ್ಲಿ, ಚಿತ್ರದುರ್ಗ ಸೀಮೆಯಲ್ಲಿ ಇಂಥ ನಿರ್ಮಾಣಗಳಿವೆ. ಇಡೀ ದಕ್ಷಿಣ ಭಾರತದಲ್ಲಿ ಇವು ಸಾವಿರಗಟ್ಟಲೆ. ಹನ್ನೆರಡು ವರ್ಷ ವನವಾಸ ಮಾಡಿದ ಐವರು ಅಣ್ಣತಮ್ಮಂದಿರಿಗೆ ಇಷ್ಟೊಂದು ಮನೆಗಳು ಏತಕ್ಕೆ ಬೇಕಿದ್ದವು? ಭೀಮಸೇನನು ತೆವಳಿಕೊಂಡು ಕಿಂಡಿಯಲ್ಲಿ ನುಸುಳಿ ಒಳಗೆ ಮಲಗುತ್ತಿದ್ದನೆ? ಇಂಥ ಕೋಣೆಗಳನ್ನೂ ಕಲ್ಲುವೃತ್ತಗಳನ್ನೂ ಅಗೆದವರಿಗೆ ಸಿಕ್ಕಿದ್ದು ಮನುಷ್ಯರ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಕಲ್ಲುಕೊಡಲಿಯ ಜನ, ಅವರ ಮೇಲಿನ ಪದರದಲ್ಲಿ ಬೃಹತ್ ಶಿಲಾಸಮಾಧಿಗಳ ಜನ, ಅವರಾದ ಮೇಲೆ ಸಾತವಾಹನ ಕಾಲದ ಜನ ಎಂಬ ಅನುಕ್ರಮ ಕಣ್ಣಿಗೆ ಕಟ್ಟುವಂತೆ ತೆರೆದುಕೊಂಡಿತು. ಅವರಿಗಿಂತ ಮೊದಲು ನಮ್ಮ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆದು ದಾರಿ ಹಾಕಿಕೊಟ್ಟಿದ್ದರು. ಇವು ಸತ್ತವರ ನೆನಪಿಗೆ ಬದುಕಿದ್ದವರು ಮಾಡಿದ ಏರ್ಪಾಡುಗಳು. ಎಲ್ಲ ಕೋಣೆಗಳಲ್ಲಿಯೂ ಮೂಳೆ ಸಿಕ್ಕುವುದಿಲ್ಲ. ಕೆಲವು ಬರಿಯ ಸ್ಮಾರಕಗಳಿರಬಹುದು. ಆದರೆ ವಾಸದ ಮನೆಗಳಲ್ಲ.

ಆತಕೂರಿನ ನಾಯಿ ಕಲಿಸುವ ಪಾಠ

ನಮ್ಮ ಮದ್ದೂರು ತಾಲ್ಲೂಕಿನಲ್ಲಿಯೇ ಇರುವ ಆತಕೂರನ್ನು ನೀವೆಲ್ಲ ಬಲ್ಲಿರಿ. ಅಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದರ ಮೇಲೆ ನಾಯಿಯೂ ಕಾಡುಹಂದಿಯೂ ಹೋರಾಡುವ ಚಿತ್ರವಿದೆ. ಸುತ್ತ ಹಳಗನ್ನಡದ ಬರಹವಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದಲ್ಲಿ ಚೋಳರ ಮೇಲೆ ಕಾದಿದಾಗ ಮಣಲೇರನೆಂಬ ವೀರನು ಪರಾಕ್ರಮ ತೋರಿದನು. ಮೆಚ್ಚಿದ ದೊರೆ ‘ಬೇಕಾದ್ದನ್ನು ಕೇಳು’ ಎಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಯ ವ್ಯವಸ್ಥೆ ಮಾಡಿದರು. ಸಾವಿರದ ಎಪ್ಪತ್ತೈದು ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ಗೊತ್ತು.

ಈಗ ಒಂದು ಕ್ಷಣ ಆ ಕಲ್ಲಿನ ಅಕ್ಷರಗಳೆಲ್ಲ ಸವೆದು ಹೋಗಿ ಚಿತ್ರ ಮಾತ್ರ ಉಳಿದಿದೆ ಎಂದು ಭಾವಿಸಿ. ಆಗ ನಾವು ಏನೆಂದು ಹೇಳುತ್ತಿದ್ದೆವು? ‘ಹಂದಿಯಿರುವುದರಿಂದ ಇದು ವರಾಹಾವತಾರ’ ಎಂದು ಒಬ್ಬರು, ‘ನಾಯಿಯಿರುವುದರಿಂದ ಭೈರವ’ ಎಂದು ಇನ್ನೊಬ್ಬರು, ‘ಬೇಟೆಗೆ ಮುನ್ನ ಮಾಡುವ ಮಾಟ’ ಎಂದು ಮತ್ತೊಬ್ಬರು ಹೇಳುತ್ತಿದ್ದರು. ಮೂರೂ ಕೇಳಲು ಚೆನ್ನಾಗಿರುತ್ತಿದ್ದವು, ಮೂರೂ ತಪ್ಪಾಗಿರುತ್ತಿದ್ದವು. ಸಾಕಿದ ನಾಯಿಯನ್ನು ಕಳೆದುಕೊಂಡ ಒಬ್ಬ ಮನುಷ್ಯನ ದುಃಖವಿದು ಎಂಬುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಅಕ್ಷರವಿಲ್ಲದ ಕಾಲದ ಕಲ್ಲುಗಳ ಮುಂದೆ ನಾವು ನಿಂತಾಗ ನೆನೆಯಬೇಕಾದದ್ದು ಈ ಕಾಳಿಯನ್ನು. ಚಿತ್ರವು ಬರೆದವನ ಕೈಯನ್ನು ತೋರಿಸುತ್ತದೆ, ಅವನ ಮನಸ್ಸನ್ನು ನೇರವಾಗಿ ತೋರಿಸುವುದಿಲ್ಲ. ಕೈಯ ಬಗ್ಗೆ ನಾವು ಬಹಳಷ್ಟು ತಿಳಿಯಬಹುದು. ಮನಸ್ಸಿನ ಬಗ್ಗೆ ಮಾತಾಡುವಾಗ ದನಿ ತಗ್ಗಿಸಬೇಕು.

ಹಿಡಿಂಬನ ಬೂದಿಯೋ, ದನದ ಸಗಣಿಯೋ?

ತಿಳಿಯುವುದು ಹೇಗೆಂಬುದಕ್ಕೆ ನಮ್ಮ ನಾಡಿನ ಬೂದಿದಿಬ್ಬಗಳ ಕಥೆಗಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ಗುಡ್ಡೆಗಳಿವೆ. ಕೆಲವು ಕಡೆ ಆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಭೀಮನು ಕೊಂದ ಹಿಡಿಂಬಾಸುರನನ್ನು ಸುಟ್ಟ ಜಾಗವೆಂದು ಜನ ಹೇಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಕಂಡ ಇಂಗ್ಲಿಷರಲ್ಲಿಯೂ ತಲೆಗೊಂದು ಊಹೆಯಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದು ಕಲ್ಲುಕೊಡಲಿಯ ಕಾಲದ ದನಗಾಹಿಗಳ ದೊಡ್ಡಿಯಲ್ಲಿ ಬಿದ್ದ ಸಗಣಿಯ ಬೂದಿಯೆಂದು ಹೇಳಿದರು. ಹೇಳಿದ ಮಾತ್ರಕ್ಕೆ ಯಾರೂ ಒಪ್ಪಬೇಕಾಗಿರಲಿಲ್ಲ. ಎಲ್ಲರೂ ಒಪ್ಪಲೂ ಇಲ್ಲ. 1957ರಲ್ಲಿ ಎಫ್.ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಪದರ ಪದರವಾಗಿ ಬಿಡಿಸಿದಾಗ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ, ಬೂದಿಯಲ್ಲಿ ಅಚ್ಚೊತ್ತಿದ ದನಗಳ ಗೊರಸಿನ ಗುರುತುಗಳೂ ಸಿಕ್ಕಿದವು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನದ ಹೆಜ್ಜೆ! ರಾಕ್ಷಸನನ್ನು ಸುಟ್ಟ ಕಥೆಗಿಂತ ನನಗೆ ಇದೇ ಹೆಚ್ಚು ರೋಮಾಂಚನವನ್ನುಂಟುಮಾಡುತ್ತದೆ. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನವು ದೊಡ್ಡಿಯ ಪಕ್ಕದ ವಸತಿಯನ್ನೂ ಬೆಳಕಿಗೆ ತಂದಿತು.

ಆದರೆ ಅಷ್ಟೊಂದು ಸಗಣಿಯನ್ನು ಸುಟ್ಟದ್ದು ಏಕೆ? ಇಲ್ಲಿಂದ ಮುಂದೆ ಕೈಯ ವಿಷಯ ಮುಗಿದು ಮನಸ್ಸಿನ ವಿಷಯ ಆರಂಭವಾಗುತ್ತದೆ. ಆಲ್ಚಿನ್ ಅವರು ಇದನ್ನು ದನಕರುಗಳಿಗೆ ಸಂಬಂಧಿಸಿದ ನಮ್ಮ ಹಬ್ಬಗಳ ಬೆಂಕಿಯೊಡನೆ ಹೋಲಿಸಿದರು. ಮಂಡ್ಯ ಜಿಲ್ಲೆಯವನಾದ ನನಗೆ ಈ ಹೋಲಿಕೆ ಎಷ್ಟು ಹಿತವಾಗಬಹುದೆಂದು ನೀವೇ ಊಹಿಸಿ. ಸಂಕ್ರಾಂತಿಯ ಸಂಜೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲಿನ ಬೆಂಕಿಯ ಮೇಲೆ ಕಿಚ್ಚು ಹಾಯಿಸುವ ನೋಟ ನಮ್ಮ ಯಾವ ಊರಿನಲ್ಲಿಲ್ಲ? ‘ನಮ್ಮ ಕಿಚ್ಚು ನಾಲ್ಕು ಸಾವಿರ ವರ್ಷ ಹಳೆಯದು’ ಎಂದು ಬರೆದುಬಿಟ್ಟರೆ ನಿಮ್ಮೆಲ್ಲರಿಗೂ ಎದೆ ಉಬ್ಬುತ್ತದೆ. ನನ್ನ ಬರಹವೂ ನಾಳೆ ಇಪ್ಪತ್ತು ಗುಂಪುಗಳಿಗೆ ಹೋಗುತ್ತದೆ. ಆದರೆ ನಾನು ಹಾಗೆ ಬರೆಯಲಾರೆ. ಹೋಲಿಕೆ ಸಾಕ್ಷಿಯಲ್ಲ. ಅಂದಿನ ಬೆಂಕಿಗೂ ಇಂದಿನ ಕಿಚ್ಚಿಗೂ ನಡುವೆ ಕಡಿಯದ ಎಳೆಯೊಂದಿದೆ ಎಂದು ತೋರಿಸುವವರೆಗೆ ಅದೊಂದು ಸುಂದರವಾದ ಊಹೆ ಮಾತ್ರ. ಊಹೆಯನ್ನು ಊಹೆಯೆಂದು ಹೇಳಿದರೆ ಅದಕ್ಕೆ ಯಾವ ಕುಂದೂ ಇಲ್ಲ.

ಬಂಡೆಯ ಮೇಲಿನ ಗೂಳಿಗಳು

ಬಳ್ಳಾರಿಯ ಹತ್ತಿರ ಸಂಗನಕಲ್ಲು ಮತ್ತು ಕಪ್ಪಗಲ್ಲು ಎಂಬ ಊರುಗಳ ನಡುವೆ ಒಂದು ಬೆಟ್ಟಸಾಲಿದೆ. ಅಲ್ಲಿನ ಹಿರೇಗುಡ್ಡದ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ನೂರಾರು ಚಿತ್ರಗಳಿವೆ. ಅವುಗಳಲ್ಲಿ ಹೆಚ್ಚಿನವು ಉದ್ದ ಕೊಂಬಿನ, ಇಣಿಯಿರುವ ದನಗಳು. ಮನುಷ್ಯರೂ ಇದ್ದಾರೆ. 1892ರಷ್ಟು ಹಿಂದೆಯೇ ಫಾಸೆಟ್ ಎಂಬುವರು ಇವುಗಳ ಬಗ್ಗೆ ಬರೆದಿದ್ದರು. 2004ರಲ್ಲಿ ನಿಕೋಲ್ ಬೊವಿನ್ ಎಂಬ ವಿದುಷಿ ಅಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆಂಬುದರ ಕಡೆ ಲೋಕದ ಗಮನ ಸೆಳೆದರು. ಬಡಿದು ಬಡಿದು ಕುಳಿಬಿದ್ದ ಜಾಗಗಳು ಆ ಬಂಡೆಗಳಲ್ಲಿವೆ. ಅಂದರೆ ಅಲ್ಲಿ ಚಿತ್ರ ಬಿಡಿಸುವುದಷ್ಟೇ ನಡೆಯುತ್ತಿರಲಿಲ್ಲ, ನಾದವೂ ಏಳುತ್ತಿತ್ತು.

ಇವುಗಳ ಅರ್ಥವೇನು? ಲೋಕದಲ್ಲೆಲ್ಲ ಈ ಪ್ರಶ್ನೆಗೆ ಉತ್ತರಗಳು ಕಾಲಕ್ಕೊಂದರಂತೆ ಬದಲಾಗಿವೆ. 1879ರಲ್ಲಿ ಸ್ಪೇನಿನ ಆಲ್ಟಮೀರಾ ಗುಹೆಯ ಕಾಡೆಮ್ಮೆಗಳ ಚಿತ್ರಗಳು ಬೆಳಕಿಗೆ ಬಂದಾಗ ದೊಡ್ಡ ದೊಡ್ಡ ಪಂಡಿತರು ‘ಕಾಡುಮನುಷ್ಯರಿಗೆ ಇಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ’ ಎಂದು ತಳ್ಳಿಹಾಕಿದರು. ಅದನ್ನು ಪ್ರಕಟಿಸಿದ ಸೌತುವೊಲಾ ಮೋಸಗಾರನೆಂಬ ಮಾತು ಹೊತ್ತು ಸತ್ತನು. ಎದುರಾಳಿಗಳಲ್ಲಿ ಪ್ರಮುಖನಾದ ಕಾರ್ಟೈಯಾಕ್ ತನ್ನ ನಿಲುವನ್ನು ಬಹಿರಂಗವಾಗಿ ಹಿಂತೆಗೆದುಕೊಂಡದ್ದು 1902ರಲ್ಲಿ. ಆಮೇಲೆ ‘ಬೇಟೆ ಸಿಗಲೆಂದು ಮಾಡಿದ ಮಾಟ’ ಎಂಬ ವಾದ ಬಹಳ ಕಾಲ ಮೆರೆಯಿತು. ಆದರೆ ಫ್ರಾನ್ಸಿನ ಲಾಸ್ಕೋ ಗುಹೆಯ ಜನ ತಿಂದು ಬಿಸಾಡಿದ ಮೂಳೆಗಳಲ್ಲಿ ಹೆಚ್ಚಿನವು ಹಿಮಸಾರಂಗದವು. ಗೋಡೆಯ ಮೇಲೆ ಅವರು ಬರೆದ ಪ್ರಾಣಿಗಳಲ್ಲಿ ಹಿಮಸಾರಂಗವನ್ನು ಹುಡುಕಬೇಕು. ಮುಂದೆ ಆವೇಶಕ್ಕೊಳಗಾದ ಮಂತ್ರವಾದಿ ಕಂಡ ದೃಶ್ಯಗಳೆಂಬ ವಾದ ಬಂದಿತು. ದಕ್ಷಿಣ ಆಫ್ರಿಕದ ಸಾನ್ ಜನರಲ್ಲಿ ಅದಕ್ಕೆ ಆಧಾರವಿದೆ. ಎಲ್ಲ ದೇಶದ ಎಲ್ಲ ಬಂಡೆಗಳಿಗೂ ಅದನ್ನೇ ಹೊಲಿದು ತೊಡಿಸಲು ಆಗುವುದಿಲ್ಲ.

ಆದ್ದರಿಂದ ನನ್ನ ತಕರಾರು ವಾಟ್ಸ್ಆ್ಯಪ್ ಪಂಡಿತರ ಮೇಲೆ ಮಾತ್ರವಲ್ಲ, ಒಂದೇ ಬೀಗದ ಕೈಯಿಂದ ಎಲ್ಲ ಬಾಗಿಲನ್ನೂ ತೆರೆಯುತ್ತೇವೆನ್ನುವ ನಿಜವಾದ ಪಂಡಿತರ ಮೇಲೂ ಇದೆ. ಇಬ್ಬರ ನಡುವೆ ಒಂದು ವ್ಯತ್ಯಾಸವಂತೂ ಉಂಟು. ಪಂಡಿತನ ವಾದವನ್ನು ಇನ್ನೊಬ್ಬ ಪಂಡಿತ ಮೂಳೆ ಎಣಿಸಿ ಮುರಿಯಬಹುದು. ವಾಟ್ಸ್ಆ್ಯಪ್ ಸಂದೇಶವನ್ನು ಮುರಿಯಲು ಬರುವುದಿಲ್ಲ, ಏಕೆಂದರೆ ಅದು ಯಾವ ಆಧಾರದ ಮೇಲೂ ನಿಂತಿರುವುದಿಲ್ಲ.

ಕಾಲನಿರ್ಣಯದ ವಿಷಯದಲ್ಲಿಯೂ ಒಂದು ಮಾತು. 1949ರಲ್ಲಿ ವಿಲ್ಲರ್ಡ್ ಲಿಬ್ಬಿ ಬಳಕೆಗೆ ತಂದ ವಿಕಿರಣ ಇಂಗಾಲದ ವಿಧಾನವನ್ನು ನಿಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ಇದ್ದಿಲು, ಮೂಳೆ, ಕಾಳು, ಸಗಣಿ, ಒಂದು ಕಾಲದಲ್ಲಿ ಜೀವವಿದ್ದ ಯಾವುದೇ ವಸ್ತು ಸಿಕ್ಕಿದರೆ ಅದರ ವಯಸ್ಸನ್ನು ಅಳೆಯಬಹುದು. ಆದರೆ ಬಂಡೆಗೆ ಜೀವವಿರಲಿಲ್ಲ. ಬರಿಯ ಬಂಡೆಯನ್ನು ಕುಟ್ಟಿ ಮಾಡಿದ ಚಿತ್ರದಲ್ಲಿ ಈ ವಿಧಾನಕ್ಕೆ ಹಿಡಿಯಲು ಏನೂ ಇಲ್ಲ. ಪಕ್ಕದ ವಸತಿ, ಚಿತ್ರದ ಶೈಲಿ, ಒಂದರ ಮೇಲೊಂದು ಬಿದ್ದ ಗೆರೆಗಳು, ಇವುಗಳಿಂದ ಅಂದಾಜು ಮಾಡಬೇಕು. ಆದ್ದರಿಂದ ‘ಈ ಚಿತ್ರಕ್ಕೆ ಸರಿಯಾಗಿ 12,000 ವರ್ಷ’ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ ‘ಹೇಗೆ ಅಳೆದಿರಿ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಸಂದೇಶವನ್ನು ಅಳಿಸಿ.

ಅನ್ಯಗ್ರಹದವರೂ ಅನ್ಯದೇಶದವರೂ

‘ಇಷ್ಟು ಭಾರದ ಕಲ್ಲನ್ನು ಆ ಕಾಲದ ಜನ ಎತ್ತಿದ್ದು ಹೇಗೆ ಸಾಧ್ಯ?’ ಎಂಬುದು ಅನ್ಯಗ್ರಹವಾದಿಗಳ ಮೆಚ್ಚಿನ ಪ್ರಶ್ನೆ. ಎರಿಕ್ ಫಾನ್ ಡೆನಿಕನ್ 1968ರಲ್ಲಿ ಈ ಪ್ರಶ್ನೆಯನ್ನೇ ಬಂಡವಾಳ ಮಾಡಿಕೊಂಡು ಪುಸ್ತಕ ಬರೆದು ಲೋಕಪ್ರಸಿದ್ಧನಾದನು. ಈ ಪ್ರಶ್ನೆ ಕೇಳುವವರು ಕಲ್ಲುಕುಟಿಗರ ಕೆಲಸವನ್ನು ಒಂದು ದಿನವೂ ನೋಡಿದವರಲ್ಲ. ಮದ್ದಿನ ಸಿಡಿತವೂ ಯಂತ್ರವೂ ಬರುವ ಮುನ್ನ ನಮ್ಮ ಮೈಸೂರು ಸೀಮೆಯ ಕಲ್ಲುಕುಟಿಗರು ಹಾಸುಬಂಡೆಯ ಮೇಲೆ ಸೌದೆ ಹರಡಿ ಉರಿಸುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ತಳದ ಬಂಡೆಯಿಂದ ಬಿಡುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ದನಿ ಟೊಳ್ಳಾಗಿ ಕೇಳಿದಲ್ಲಿಗೆ ಬೆಂಕಿಯನ್ನು ಮುಂದೆ ಸರಿಸುತ್ತಿದ್ದರು. ಆಮೇಲೆ ಉಳಿಯಿಂದ ಸಾಲಾಗಿ ಕುಳಿ ಹೊಡೆದು ಚಪ್ಪಡಿಯನ್ನು ಬೇಕಾದ ಅಳತೆಗೆ ಸೀಳುತ್ತಿದ್ದರು. ಹಾರೆ, ಮರದ ದಿಮ್ಮಿ, ಹಗ್ಗ, ಮಣ್ಣಿನ ಇಳಿಜಾರು, ಒಕ್ಕೊರಲಿನ ‘ಐಸಾ’, ಇಷ್ಟಿದ್ದರೆ ಸಾಕು. ಹಿರೇಬೆಣಕಲ್ಲಿನ ಚಪ್ಪಡಿಗಳು ದೂರದಿಂದ ಬಂದವಲ್ಲ. ಅದೇ ಬೆಟ್ಟದ ಹಾಸುಬಂಡೆಯಿಂದ ಎಬ್ಬಿಸಿದವು. ಊರ ಬಾಗಿಲಿನ ಹೆಬ್ಬಂಡೆಯನ್ನೂ ಕೆರೆಯ ತೂಬಿನ ಕಲ್ಲನ್ನೂ ತಮ್ಮ ತೋಳಿನಿಂದ ನಿಲ್ಲಿಸಿದ ಜನರ ಮೊಮ್ಮಕ್ಕಳು ನಾವು. ಇದನ್ನು ಮನುಷ್ಯರು ಮಾಡಲಾರರೆಂದು ನಮಗೆ ನಾವೇ ಹೇಳಿಕೊಳ್ಳುವುದು ವಿಚಿತ್ರವಲ್ಲವೆ?

ಇದು ವಿಚಿತ್ರ ಮಾತ್ರವಲ್ಲ, ಇದರ ಹಿಂದೆ ಒಂದು ಹಳೆಯ ಚರಿತ್ರೆಯೂ ಇದೆ. ಹಿರೇಬೆಣಕಲ್ಲನ್ನು 1835ರಲ್ಲಿ ವರದಿ ಮಾಡಿದ ಮೆಡೋಸ್ ಟೇಲರ್ ಸುರಪುರದಲ್ಲಿ ಒಳ್ಳೆಯ ಹೆಸರು ಪಡೆದ ಅಧಿಕಾರಿ. ಶ್ರದ್ಧೆಯಿಂದ ಅಳೆದು ಬರೆದವರು. ಆದರೂ ದಖ್ಖನಿನ ಕಲ್ಲುಗೋರಿಗಳ ಬಗ್ಗೆ ಬರೆಯುವಾಗ ಅವರು ಅವನ್ನು ಯೂರೋಪಿನ ಕೆಲ್ಟರ, ಡ್ರೂಯಿಡರ ಇಲ್ಲವೆ ಶಕರ ಸ್ಮಾರಕಗಳ ಸಾಲಿಗೆ ಸೇರಿಸಿದರು. ಇಲ್ಲಿನವರ ಕೆಲಸವಿರಬಹುದೆಂಬುದು ಆ ಕಾಲದವರಿಗೆ ಸುಲಭವಾಗಿ ತೋಚುತ್ತಿರಲಿಲ್ಲ. ಆಫ್ರಿಕದ ಜಿಂಬಾಬ್ವೆಯಲ್ಲಿ ಇದು ಇನ್ನೂ ಘೋರವಾಗಿ ನಡೆಯಿತು. ಅಲ್ಲಿನ ಭವ್ಯವಾದ ಕಲ್ಲುಗೋಡೆಗಳನ್ನು ಕಪ್ಪು ಜನ ಕಟ್ಟಿರಲಾರರೆಂದು ಬಿಳಿಯರು ಫಿನಿಷಿಯನ್ನರಿಗೂ ಶೀಬಾ ರಾಣಿಗೂ ಅದನ್ನು ಒಪ್ಪಿಸಿದರು. 1905ರಲ್ಲಿ ಮ್ಯಾಕ್‌ಐವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ ಆಫ್ರಿಕನ್ನರದೇ ನಿರ್ಮಾಣವೆಂದು ತೋರಿಸಿದ ಮೇಲೂ ಬಿಳಿಯ ಸರ್ಕಾರಕ್ಕೆ ಆ ಸತ್ಯ ಹಿಡಿಸಲಿಲ್ಲ. 1980ರಲ್ಲಿ ಸ್ವತಂತ್ರವಾದ ಆ ದೇಶ ತನಗೆ ಇಟ್ಟುಕೊಂಡದ್ದು ಆ ಕಲ್ಲುಗೋಡೆಗಳ ಹೆಸರನ್ನೇ. ‘ಕಟ್ಟಿದವರು ಯಾರು?’ ಎಂಬುದು ಬರಿಯ ಪಂಡಿತರ ಪ್ರಶ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಪರದೇಶದವರು ಕೆಲ್ಟರಿಗೆ ಕೊಟ್ಟದ್ದನ್ನು ನಾವು ಮತ್ತೆ ಅನ್ಯಗ್ರಹದವರಿಗೆ ದಾನ ಮಾಡುತ್ತಿದ್ದೇವೆ. ‘ನಮ್ಮ ಕುಲದವರೇ ಕಟ್ಟಿದ್ದು’ ಎಂಬ ಮೂರನೆಯ ಬಗೆಯ ಸಂದೇಶವೂ ಇದಕ್ಕಿಂತ ಮೇಲಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಮೂಳೆಯ ಮೇಲೆ ಇಂದಿನ ಜಾತಿಯ ಹೆಸರು ಬರೆದಿರುವುದಿಲ್ಲ. ಅಷ್ಟು ತಲೆಮಾರುಗಳಲ್ಲಿ ಈ ನೆಲದ ಜನ ಎಷ್ಟು ಕಡೆ ಹೋಗಿ, ಎಷ್ಟು ಬಗೆಯಲ್ಲಿ ಬೆರೆತಿದ್ದಾರೆಂಬುದನ್ನು ಯೋಚಿಸಿದರೆ, ಅವರು ನಮ್ಮೆಲ್ಲರ ಹಿರಿಯರೆಂದು ಗೌರವಿಸುವುದೇ ನ್ಯಾಯ.

ನಕ್ಷತ್ರ ನೋಡುವ ಕಲ್ಲುಗಳು

‘ಹಾಗಾದರೆ ಅವರಿಗೆ ವಿಜ್ಞಾನ ಗೊತ್ತಿರಲಿಲ್ಲವೇ?’ ಎಂದು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಶಿಷ್ಯನೊಬ್ಬ ಸ್ವಲ್ಪ ಕೋಪದಿಂದಲೇ ಬರೆದಿದ್ದಾನೆ. ಒಳ್ಳೆಯ ಪ್ರಶ್ನೆ. ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ನೂರಾರು ಗುಂಡುಗಳನ್ನು ಸಾಲುಸಾಲಾಗಿ, ಚೌಕದ ಲೆಕ್ಕದಲ್ಲಿ ಇಟ್ಟಿದ್ದಾರೆ. ಹೊಸನಗರ ತಾಲ್ಲೂಕಿನ ನಿಲಸಕಲ್ಲು, ಬೈಸೆಗಳಲ್ಲಿ ಎತ್ತರದ ನಿಲಸುಗಲ್ಲುಗಳಿವೆ. ಇವುಗಳಲ್ಲಿ ಕೆಲವು ಜೋಡಿಗಳು ಉತ್ತರಾಯಣ, ದಕ್ಷಿಣಾಯನಗಳ ಆರಂಭದ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತವೆಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಇದನ್ನು ನಾನು ಸಂತೋಷದಿಂದ ಕೇಳುತ್ತೇನೆ, ಏಕೆಂದರೆ ಅವರು ಅಳೆದಿದ್ದಾರೆ. ಬೇಕಿದ್ದರೆ ನಾವೂ ಹೋಗಿ ಅಳೆಯಬಹುದು. ಮಳೆಗಾಲವನ್ನು ನಂಬಿದ ಬೇಸಾಯಗಾರನಿಗೆ ಸೂರ್ಯನ ನಡೆ ತಿಳಿದಿರುವುದು ಸಹಜವೇ. ಆದರೆ ಅಲ್ಲಿಂದ ‘ಇದು ಇಂದಿನ ಉಪಗ್ರಹಗಳನ್ನೂ ಮೀರಿಸುವ ವೇಧಶಾಲೆ’ ಎಂಬಲ್ಲಿಗೆ ನೆಗೆಯುವುದು ಅಳತೆಯಲ್ಲ, ಹೊಗಳುಭಟರ ಕೆಲಸ. ನಮ್ಮ ಹಿರಿಯರಿಗೆ ಸುಳ್ಳು ಕಿರೀಟದ ಅಗತ್ಯವಿಲ್ಲ.

ಕಥೆಗಳನ್ನು ಬಿಡಬೇಕೇ?

ಬಂಧುಗಳಲ್ಲಿ ಹಿರಿಯರೊಬ್ಬರು ದೂರವಾಣಿಯಲ್ಲಿ ‘ನೀನು ಎಲ್ಲವನ್ನೂ ಸುಳ್ಳೆಂದರೆ ಮಕ್ಕಳಿಗೆ ಹೇಳಲು ಏನು ಉಳಿಯಿತಪ್ಪ?’ ಎಂದರು. ಅವರಿಗೆ ನನ್ನ ಉತ್ತರವಿದು. ಪಾಂಡವಪುರದ ಕುಂತಿಬೆಟ್ಟಕ್ಕೆ ನಾನು ವರ್ಷವರ್ಷವೂ ಮಕ್ಕಳನ್ನು ಕರೆದೊಯ್ಯುತ್ತಿದ್ದೆ. ಕುಂತಿಯೂ ಮಕ್ಕಳೂ ಅಲ್ಲಿದ್ದರೆಂಬ ಕಥೆಯನ್ನು ಬೆಟ್ಟ ಹತ್ತುತ್ತಾ ಪೂರ್ತಿಯಾಗಿ, ರಸವತ್ತಾಗಿ ಹೇಳುತ್ತಿದ್ದೆ. ಇಳಿದು ಬುತ್ತಿ ಬಿಚ್ಚಿದ ಮೇಲೆ, ಅಲ್ಲಿಂದ ಬಹಳ ದೂರವೇನೂ ಇಲ್ಲದ ತಿರುಮಕೂಡಲು ನರಸೀಪುರದಲ್ಲಿ 1960ರ ಸುಮಾರಿನಲ್ಲಿ ಎಂ. ಶೇಷಾದ್ರಿ ಅವರು ಅಗೆದು ಕಂಡ ಕಲ್ಲುಕೊಡಲಿಯ ಜನರ ವಿಷಯ ಹೇಳುತ್ತಿದ್ದೆ. ಯಾವ ಮಗುವಿಗೂ ಗೊಂದಲವಾಗಲಿಲ್ಲ. ಕಥೆ ಯಾವುದು, ಚರಿತ್ರೆ ಯಾವುದು ಎಂದು ಹೇಳಿಕೊಟ್ಟರೆ ಹನ್ನೆರಡು ವರ್ಷದ ಹುಡುಗಿಗೂ ಅರ್ಥವಾಗುತ್ತದೆ.

ಜನಪದ ಕಥೆಯೂ ಒಂದು ಸಾಕ್ಷಿಯೇ. ಆದರೆ ಅದು ಕಲ್ಲು ನಿಲ್ಲಿಸಿದವರ ಬಗ್ಗೆ ಹೇಳುವ ಸಾಕ್ಷಿಯಲ್ಲ, ಆಮೇಲೆ ಬಂದು ಆ ಕಲ್ಲನ್ನು ನೋಡಿ ಬೆರಗಾದವರ ಬಗ್ಗೆ ಹೇಳುವ ಸಾಕ್ಷಿ. ‘ಇದು ನಮಗಿಂತ ಬಹಳ ಹಿಂದಿನದು’ ಎಂಬುದನ್ನು ಅವರು ತಮಗೆ ತಿಳಿದ ಅತ್ಯಂತ ಹಳೆಯ ಹೆಸರಾದ ಪಾಂಡವರ ಮೂಲಕ ಹೇಳಿದರು. ಆ ಅಜ್ಜಿಯರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅವರ ಕಥೆಯನ್ನು ಕದ್ದು ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮುದ್ರೆಯೊತ್ತಿ ಮಾರುವವರ ಮೇಲೆ ಇದೆ.

ಇದರಿಂದ ಆಗುವ ನಷ್ಟ

‘ನಂಬಿದರೆ ನಷ್ಟವೇನು?’ ಎನ್ನುವವರಿಗೆ ನಷ್ಟದ ಲೆಕ್ಕ ಕೊಡುತ್ತೇನೆ. ಪಾಂಡವರ ಮನೆಯೆಂದ ಮೇಲೆ ಪಾಂಡವರು ಬಚ್ಚಿಟ್ಟ ಹೊನ್ನೂ ಇರಬೇಕಲ್ಲ! ನಿಧಿಯಾಸೆಯ ಕಳ್ಳರು ರಾತ್ರೋರಾತ್ರಿ ಇಂಥ ಕೋಣೆಗಳ ನೆಲ ಬಗೆದು, ಚಪ್ಪಡಿ ಉರುಳಿಸುತ್ತಾರೆ. ಅವರಿಗೆ ಸಿಕ್ಕುವುದು ಮಡಕೆಯ ಚೂರು ಮತ್ತು ಮೂಳೆ. ಸಿಟ್ಟಿನಿಂದ ಅದನ್ನೂ ಚೆಲ್ಲಾಡಿ ಹೋಗುತ್ತಾರೆ. ಚಿನ್ನಕ್ಕಿಂತ ಬೆಲೆಯುಳ್ಳ ಆ ಚೂರುಗಳು ಒಮ್ಮೆ ಜಾಗ ತಪ್ಪಿದರೆ ಮತ್ತೆ ಮಾತಾಡುವುದಿಲ್ಲ. ಇನ್ನೊಂದು ಕಡೆ ಬಳ್ಳಾರಿಯ ಆ ಬೆಟ್ಟಸಾಲನ್ನು ಕಲ್ಲುಗಣಿಗಾರಿಕೆ ತಿನ್ನುತ್ತಿದೆಯೆಂದು 2004ರಲ್ಲೇ ವಿದ್ವಾಂಸರು ಎಚ್ಚರಿಸಿದರು. ನಾಲ್ಕು ಸಾವಿರ ವರ್ಷ ಗಾಳಿಮಳೆಗೆ ಜಗ್ಗದ ಗೂಳಿಯ ಚಿತ್ರ ಜಲ್ಲಿಯಾಗಿ ರಸ್ತೆಗೆ ಬೀಳಲು ಒಂದು ಸಿಡಿಮದ್ದು ಸಾಕು. ಇನ್ನುಳಿದ ಕಡೆ ರೈತರು ಬದುವಿಗೆಂದು ಕಲ್ಲು ಕೀಳುತ್ತಾರೆ, ಪ್ರೇಮಿಗಳು ಹೆಸರು ಕೆತ್ತುತ್ತಾರೆ.

ಕಾನೂನು ಇಲ್ಲವೆಂದಲ್ಲ. 1958ರ ಕೇಂದ್ರದ ಕಾಯಿದೆಯಿದೆ, 1961ರ ನಮ್ಮ ರಾಜ್ಯದ ಕಾಯಿದೆಯಿದೆ. ನಿಧಿ ಸಿಕ್ಕಿದರೆ ಏನು ಮಾಡಬ��ಕೆಂಬುದಕ್ಕೆ 1878ರಷ್ಟು ಹಳೆಯ ಕಾಯಿದೆಯಿದೆ. ಸಂವಿಧಾನದ 51ಎ ವಿಧಿಯಲ್ಲಿ, 1976ರ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳಲ್ಲಿ, ಪರಂಪರೆಯನ್ನು ಕಾಪಾಡುವುದೂ ಇದೆ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದೂ ಇದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿದ್ದು ನೆನಪಿದೆಯಷ್ಟೆ? ಈ ಎರಡು ಕರ್ತವ್ಯಗಳೂ ಬೇರೆಬೇರೆಯಲ್ಲ. ಕಲ್ಲು ಯಾರದೆಂದು ನಿಜವಾಗಿ ತಿಳಿದವನೇ ಅದನ್ನು ಕಾಯುತ್ತಾನೆ. ದೇವತೆಗಳೋ ಅನ್ಯಗ್ರಹದವರೋ ಕಟ್ಟಿದ್ದೆಂದರೆ ಕಾಯುವ ಹೊಣೆಯೂ ಅವರದೇ ಎಂದು ನಾವು ಕೈ ಕಟ್ಟಿ ಕೂರುತ್ತೇವೆ.

ಕೊನೆಗೆ ನಮ್ಮೂರಿನ ಮಾತು. 1938ರ ಏಪ್ರಿಲಿನಲ್ಲಿ ಈ ಶಿವಪುರದ ನೆಲದಲ್ಲಿ ನಮ್ಮ ಹಿರಿಯರು ನಿಷೇಧವನ್ನು ಮೀರಿ ತ್ರಿವರ್ಣ ಧ್ವಜ ಹಾರಿಸಿದರು. ಆ ನೆನಪಿಗೆ ಸತ್ಯಾಗ್ರಹ ಸೌಧ ನಿಂತಿದೆ. ಅಂದು ಹೊಲ ಬಿಟ್ಟು, ಗಾಡಿ ಕಟ್ಟಿಕೊಂಡು, ಬುತ್ತಿ ಹೊತ್ತು ಬಂದ ಸಾವಿರಾರು ರೈತರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಕೆಲವೇ ನಾಯಕರದು ಮಾತ್ರ. ಎರಡು ಸಾವಿರ ವರ್ಷಗಳ ಅನಂತರ ಬರಹಗಳೆಲ್ಲ ಅಳಿದು ಸೌಧದ ಕಂಬಗಳಷ್ಟೇ ಉಳಿದಿರುವಾಗ, ಯಾರೋ ಬಂದು ‘ಇದನ್ನು ಇಲ್ಲಿನ ಬಡ ರೈತರು ಮಾಡಿರಲಾರರು, ಆಕಾಶದಿಂದ ಇಳಿದವರು ಕಟ್ಟಿದ್ದು’ ಎಂದರೆ ನಿಮಗೆ ಹೇಗನ್ನಿಸುತ್ತದೆ? ಹಿರೇಬೆಣಕಲ್ಲಿನ ಹೆಸರಿಲ್ಲದ ಜನರಿಗೆ ನಾವು ಮಾಡುತ್ತಿರುವುದೂ ಅದನ್ನೇ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ. ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ: ಅಗೆದವರು ಯಾರು, ಸಿಕ್ಕಿದ್ದೇನು, ಕಾಲವನ್ನು ಅಳೆದದ್ದು ಹೇಗೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಂದಕ್ಕೆ ದಾಟಿಸಬೇಡಿ. ಬೇಸಿಗೆ ರಜೆಯಲ್ಲಿ ಹಂಪಿಗೆ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಮಕ್ಕಳೊಡನೆ ಹಿರೇಬೆಣಕಲ್ ಬೆಟ್ಟ ಹತ್ತಿ ಬನ್ನಿ. ನೀರು ಜೊತೆಗಿರಲಿ, ಬಿಸಿಲೇರುವ ಮುನ್ನ ಹೊರಡಿ, ಯಾವ ಕಲ್ಲನ್ನೂ ಕದಲಿಸಬೇಡಿ. ‘ಇದನ್ನು ಯಾರು ಮಾಡಿದರು?’ ಎಂದು ಮಗು ಕೇಳಿದರೆ ‘ನಮ್ಮಂಥ ಜನ, ಸತ್ತ ತಮ್ಮವರನ್ನು ಮರೆಯಲಾರದೆ ಮಾಡಿದರು’ ಎಂದು ಹೇಳಿ. ಅವರ ಮನಸ್ಸಿನಲ್ಲಿ ಇನ್ನೂ ಏನೇನಿತ್ತೆಂದು ಕೇಳಿದರೆ, ಯಾರಿಗೂ ತಿಳಿಯದೆಂದು ಹೇಳಲು ನಾಚಬೇಡಿ. ನನಗಿಂತ ಹೆಚ್ಚು ತಿಳಿದವರು ನಿಮ್ಮಲ್ಲಿದ್ದಾರೆ; ಒಪ್ಪದವರೂ ಇರಬಹುದು. ಆಧಾರದೊಡನೆ ಬರೆಯಿರಿ, ಉತ್ತರಿಸುತ್ತೇನೆ.